ಪೂರ್ಣಯ್ಯ ನಾಲೆಯ ಮೇಲೆದ್ದ ಪೇಟೆ

ಯಳಂದೂರಿಗೆ ಬಂದ ನೆಂಟರಿಗೆ ಊರವರು ಮೊದಲು ತೋರಿಸುವುದು ಗೌರೀಶ್ವರ ದೇವಾಲಯದ ಬಳೆಮಂಟಪವನ್ನು. ಕಲ್ಲಿನಲ್ಲಿ ಕಡೆದ, ಒಂದರೊಳಗೊಂದು ಹೆಣೆದುಕೊಂಡ ಬಳೆಗಳನ್ನು ನೋಡಿದ ಮಕ್ಕಳು ಕತ್ತೆತ್ತಿ ನಿಂತುಬಿಡುತ್ತಾರೆ. ಇದು ನಮ್ಮ ಪರಂಪರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಕ್ಕಳು ಅಪ್ಪ ಅಮ್ಮನ ಜೊತೆ ಮೈಸೂರಿಗೆ ಹೋಗಿ, ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ದಾಟಿ, ಬಾಳೆಗೊನೆಗಳ ನಡುವೆ ನುಸುಳಿ, ಕುಂಕುಮದ ರಾಶಿಗಳ ಮುಂದೆ ನಿಂತಾಗ 'ಇದೂ ಪರಂಪರೆಯೇ' ಎಂದರೆ ನಂಬುವುದಿಲ್ಲ. ತರಕಾರಿ ಮಾರುವ ಜಾಗದಲ್ಲಿ ಎಂಥ ಪರಂಪರೆ?

ಈ ಪ್ರಶ್ನೆ ಮಕ್ಕಳದಷ್ಟೇ ಅಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಸರ್ಕಾರ, ನಗರಪಾಲಿಕೆ, ತಜ್ಞರು, ವ್ಯಾಪಾರಿಗಳು, ಕೊನೆಗೆ ಹೈಕೋರ್ಟು ಕೂಡ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿಕೊಂಡಿವೆ. ಉತ್ತರ ಹುಡುಕಲು ಹೊರಟರೆ ದಾರಿ ಮತ್ತೆ ಯಳಂದೂರಿಗೇ ಬಂದು ಸೇರುತ್ತದೆ ಎಂಬುದು ಸ್ವಾರಸ್ಯ.

ನಾಲೆ ಹೋಗಿ ಬೀದಿ ಬಂತು

ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಲಾಯಿತು. ಆಡಳಿತದ ಹೊಣೆ ಹೊತ್ತವರು ದಿವಾನ್ ಪೂರ್ಣಯ್ಯನವರು. ಅವರ ಸೇವೆಗೆ ಪ್ರತಿಯಾಗಿ 1807ರಲ್ಲಿ ಯಳಂದೂರು ಜಹಗೀರಾಗಿ ಸಿಕ್ಕಿತು. ಊರಿನ ಜಹಗೀರ್‌ದಾರ್ ಬಂಗಲೆ ಆ ಮನೆತನದ ನೆನಪು.

ಪೂರ್ಣಯ್ಯನವರು ಕಟ್ಟಿಸುವುದರಲ್ಲಿ ಗಟ್ಟಿಗರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲುಕಂಬಗಳ ಮೇಲೆ ನಿಂತಿರುವ ವೆಲ್ಲೆಸ್ಲಿ ಸೇತುವೆ ಅವರ ಕಾಲದ್ದು. ಆದರೆ ಅವರ ಒಂದು ಯೋಜನೆ ಕೈಗೂಡಲಿಲ್ಲ. ಕಾವೇರಿಯ ನೀರನ್ನು ಮೈಸೂರಿಗೆ ಹರಿಸಬೇಕೆಂದು ಅವರು ಆಳವಾದ ಕಾಲುವೆಯನ್ನು ತೋಡಿಸಿದರು. ನೀರು ಊರಿಗೆ ಬರಲಿಲ್ಲ, ತೋಡಿದ ಹಳ್ಳ ಮಾತ್ರ ಉಳಿಯಿತು. ಜನ ಅದನ್ನು 'ಪೂರ್ಣಯ್ಯ ನಾಲೆ' ಎಂದರು. ಕಾಲಾಂತರದಲ್ಲಿ ಅದು ಊರಿನ ಕೊಳಚೆ ಸೇರುವ ಗುಂಡಿಯಾಯಿತು.

1831ರಿಂದ ಐವತ್ತು ವರ್ಷ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಆಡಳಿತವೆಲ್ಲ ಬೆಂಗಳೂರಿಗೆ ಹೋಗಿ, ಮೈಸೂರು ಕಳೆಗುಂದಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ವಂಶಕ್ಕೆ ಬಂತು. ಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಮರುವರ್ಷವೇ, 1882ರಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡಿತು. 1891ರಲ್ಲಿ ಅದೇ ಹಳಿ ನಂಜನಗೂಡಿಗೂ ಮುಂದುವರಿಯಿತು. ರೈಲು ಬಂದರೆ ಸರಕು ಬರುತ್ತದೆ, ಸರಕು ಬಂದರೆ ಪೇಟೆ ಬೇಕು. ಕೋಟೆಯೊಳಗಿನ ಇಕ್ಕಟ್ಟು ಕೇರಿಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹೀಗಾಗಿ ಊರು ಕೋಟೆಯಿಂದ ಹೊರಗೆ, ಉತ್ತರದ ಕಡೆಗೆ ಬೆಳೆಯಿತು. ದುರ್ನಾತದ ನಾಲೆಯನ್ನು ಮುಚ್ಚಿ ಅದರ ಮೇಲೆ ಅಗಲವಾದ ರಸ್ತೆ ಮಾಡಿದರು. ಅದಕ್ಕೆ ಬರೋಡೆಯ ಮಹಾರಾಜ ಸಯ್ಯಾಜಿ ರಾವ್ ಗಾಯಕವಾಡರ ಹೆಸರಿಟ್ಟರು. ದಸರಾ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ ಅದೇ. ಅದರ ಮಗ್ಗುಲಿನಲ್ಲಿ, ಹಿಂದೆ ಸಂತೆ ಕೂಡುತ್ತಿದ್ದಲ್ಲಿ, ದೇವರಾಜ ಮಾರುಕಟ್ಟೆ ಎದ್ದಿತು. ಪೂರ್ಣಯ್ಯನವರು ನೀರು ತರಬೇಕೆಂದಿದ್ದ ಜಾಗಕ್ಕೆ ಹೂವು, ಹಣ್ಣು, ಎಲೆ, ಅಡಿಕೆ ಬಂದವು.

ವಿಕ್ಟೋರಿಯಾ ಕಾಲದ ಅಚ್ಚು

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಅರವತ್ತನಾಲ್ಕು ವರ್ಷಗಳಲ್ಲಿ ರೈಲು ಮುಟ್ಟಿದ ಊರುಗಳೆಲ್ಲ ಹಳೆಯ ಎಲ್ಲೆಯನ್ನು ದಾಟಿದವು. ಊರಾಚೆ ಹೊಸ ಬಡಾವಣೆಗಳೂ, ಅವುಗಳಿಗೆ ಸಾಲುಅಂಗಡಿಗಳ ಬೀದಿಗಳೂ ಹುಟ್ಟಿಕೊಂಡವು. ಕೆಳಗೆ ಅಂಗಡಿ, ಮೇಲೆ ಮನೆ ಅಥವಾ ಕಚೇರಿ, ಮುಂದೆ ಬಿಸಿಲು ಮಳೆ ತಾಗದ ನಡೆಹಾದಿ, ಬೀದಿಯ ಕೊನೆಗೊಂದು ಗಡಿಯಾರದ ಗೋಪುರ. ಹೆಚ್ಚು ಕಡಿಮೆ ಇದೇ ಅಚ್ಚು. ಮಾಡಿನ ಕೆಳಗೆ ಸಾಲಾಗಿ ಅಂಗಡಿಗಳನ್ನಿಟ್ಟು, ನೆಲಕ್ಕೆ ಕಲ್ಲು ಹಾಸಿ, ನೀರು ಹರಿದುಹೋಗಲು ಚರಂಡಿ ಮಾಡಿದ ಮಾರುಕಟ್ಟೆಗಳೂ ಆ ಕಾಲದ್ದೇ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ 1869ರಲ್ಲಿ, ಕಲ್ಕತ್ತೆಯ ಹಾಗ್ ಮಾರ್ಕೆಟ್ 1874ರಲ್ಲಿ, ಮದರಾಸಿನ ಮೂರ್ ಮಾರ್ಕೆಟ್ 1900ರಲ್ಲಿ ಸಿದ್ಧವಾದವು.

ಮೈಸೂರಿನದೂ ಇದೇ ಸಾಲಿಗೆ ಸೇರುವಂಥದು. 1886ರಲ್ಲಿ ವೈಸ್‌ರಾಯ್ ಲಾರ್ಡ್ ಡಫರಿನ್ ಬಂದಾಗಿನ ನೆನಪಿಗೆ ಗಡಿಯಾರ ಗೋಪುರ ಕಟ್ಟಿದರು. ಅದು ಜನರ ಬಾಯಲ್ಲಿ ಚಿಕ್ಕ ಗಡಿಯಾರ. 1892ರಲ್ಲಿ ಇನ್ನೊಬ್ಬ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬಂದಾಗ ಅವರ ಹೆಸರಿನಲ್ಲಿ ಎರಡಂತಸ್ತಿನ ಉದ್ದನೆಯ ಅಂಗಡಿ ಕಟ್ಟಡ ಎದ್ದಿತು. ದೇವರಾಜ ಮಾರುಕಟ್ಟೆಯ ದಕ್ಷಿಣದ ಬಾಗಿಲು ಚಿಕ್ಕ ಗಡಿಯಾರಕ್ಕೆ ಎದುರು, ಉತ್ತರದ ಬಾಗಿಲು ಧನ್ವಂತರಿ ರಸ್ತೆಗೆ. ನಡುವೆ ನೂರಾರು ಮಳಿಗೆಗಳು. ಇಷ್ಟೂ ಸೇರಿ ಒಂದೇ ಪೇಟೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಅದರ ಅರ್ಥ ತಿಳಿಯದು.

ವಿಕ್ಟೋರಿಯಾ ತೀರಿಕೊಂಡ 1901ರಲ್ಲೇ ಮೈಸೂರಿನ ದಿವಾನರಾದವರು ಸರ್ ಪಿ. ಎನ್. ಕೃಷ್ಣಮೂರ್ತಿ. ಅವರು ಪೂರ್ಣಯ್ಯನವರ ವಂಶಸ್ಥರು, ಯಳಂದೂರಿನ ಜಹಗೀರ್‌ದಾರರು. ಅವರ ಆಡಳಿತದಲ್ಲೇ, 1903ರಲ್ಲಿ, ಮೈಸೂರು ನಗರವನ್ನು ಕ್ರಮವಾಗಿ ಬೆಳೆಸಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಏರ್ಪಟ್ಟಿತು.

ಅಂಗಡಿಯೂ ಒಂದು ಯಂತ್ರ

ಅರಮನೆಯನ್ನು ನೋಡಲು ಟಿಕೆಟ್ ಕೊಂಡು ಹೋಗುತ್ತೇವೆ. ಅಲ್ಲಿ ಈಗ ರಾಜ್ಯಭಾರ ನಡೆಯುವುದಿಲ್ಲ. ಹಳೆಯ ಪೇಟೆಯ ಮಾತು ಬೇರೆ. ಯಾವ ಕೆಲಸಕ್ಕೆಂದು ಅದನ್ನು ಕಟ್ಟಿದರೋ ಆ ಕೆಲಸ ನೂರು ವರ್ಷ ದಾಟಿದರೂ ನಿಲ್ಲಲಿಲ್ಲ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಇವು ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತೋಟದಲ್ಲಿ ಬೆಳೆದದ್ದು ಊರಿನ ಹೆಸರಾಗಬೇಕಾದರೆ ಅದನ್ನು ಕೊಳ್ಳುವ, ಮಾರುವ, ಬೆಲೆ ಕಟ್ಟುವ ಜಾಗ ಒಂದು ಬೇಕಲ್ಲವೆ? ಮಾರಿನ ಲೆಕ್ಕದಲ್ಲಿ ಹೂವು, ಕಟ್ಟಿನ ಲೆಕ್ಕದಲ್ಲಿ ಎಲೆ, ಚಿಪ್ಪಿನ ಲೆಕ್ಕದಲ್ಲಿ ಬಾಳೆಹಣ್ಣು ಮಾರುವ ಪದ್ಧತಿ ಕಿಲೋಗ್ರಾಮ್ ಬಂದ ಮೇಲೂ ಉಳಿದದ್ದು ಇಂಥ ಕಡೆಗಳಲ್ಲೇ.

ಕಟ್ಟಡದ ರಚನೆಯಲ್ಲೂ ಲೆಕ್ಕಾಚಾರವಿದೆ. ಬೀದಿಯ ಮಗ್ಗುಲಿಗೆ ಕಂಬ ಕಮಾನುಗಳ ಕೈಸಾಲೆ ಇಟ್ಟರೆ ಬಿಸಿಲು ನೇರವಾಗಿ ಸರಕಿನ ಮೇಲೆ ಬೀಳದು, ಮಳೆಯಲ್ಲಿ ಗಿರಾಕಿ ನೆನೆಯುವುದಿಲ್ಲ. ಬಿಸಿಗಾಳಿ ಹಗುರ, ಮೇಲೇರುತ್ತದೆ. ಎತ್ತರದ ಸೂರು, ಅದರ ಹತ್ತಿರ ಗವಾಕ್ಷಿ ಇದ್ದರೆ ಆ ಗಾಳಿ ಹೊರಗೆ ಹೋಗಿ, ಕೆಳಗಿನಿಂದ ತಂಪುಗಾಳಿ ಬರುತ್ತದೆ. ದಪ್ಪ ಇಟ್ಟಿಗೆ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ ರಾತ್ರಿ ಬಿಡುತ್ತದೆ. ಫ್ಯಾನು, ವಿದ್ಯುತ್ತು ಇಲ್ಲದ ಕಾಲದಲ್ಲಿ ಹೂವು ಬಾಡದಂತೆ, ಎಲೆ ಒಣಗದಂತೆ ಇರಿಸಲು ನೆರವಾದ ಜಾಣ್ಮೆ ಇದು. ಶಾಲೆಯ ಪಠ್ಯದಲ್ಲಿರುವ ಶಾಖದ ಪಾಠವನ್ನು ಇಲ್ಲಿ ನಿಂತು ಓದಬಹುದು.

ಮರಳಿ ಕಲ್ಲಾಗುವ ಸುಣ್ಣ

ಈ ಕಟ್ಟಡಗಳ ಇಟ್ಟಿಗೆಗಳನ್ನು ಹಿಡಿದಿಟ್ಟದ್ದು ಸಿಮೆಂಟಲ್ಲ, ಸುಣ್ಣದ ಗಾರೆ. ಅದರ ರಸಾಯನಶಾಸ್ತ್ರ ಸೊಗಸಾಗಿದೆ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೂರು ಗ್ರಾಂ ಶುದ್ಧ ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು, 18 ಗ್ರಾಂ ನೀರನ್ನು ಸೇರಿಸಿಕೊಂಡು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಇದನ್ನು ಮರಳಿನ ಜೊತೆ ಗಾಣದಲ್ಲಿ ಅರೆದರೆ ಗಾರೆ. ಗಟ್ಟಿಯಾಗಲೆಂದು ಬೆಲ್ಲದ ನೀರನ್ನೋ ಅಳಲೆಕಾಯಿ ನೀರನ್ನೋ ಸೇರಿಸುವುದು ನಮ್ಮ ಕಡೆಯ ಹಳೆಯ ರೂಢಿ.

ಗೋಡೆ ಸೇರಿದ ಗಾರೆ ಮುಂದೆ ಏನು ಮಾಡುತ್ತದೆ? ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಗೂಡಿನಲ್ಲಿ ಕಳೆದುಕೊಂಡ 44 ಗ್ರಾಂ ಮರಳಿ ಬರುತ್ತದೆ, ಸೇರಿಸಿದ್ದ 18 ಗ್ರಾಂ ನೀರು ಆವಿಯಾಗುತ್ತದೆ, ಕೊನೆಗೆ ಕೈಗೆ ಸಿಗುವುದು ಮತ್ತೆ ಅದೇ ನೂರು ಗ್ರಾಂ ಸುಣ್ಣಕಲ್ಲು! ಈ ಕ್ರಿಯೆ ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ದಪ್ಪ ಗೋಡೆಯಲ್ಲಿ ಅದಕ್ಕೆ ವರ್ಷಗಟ್ಟಲೆ ಬೇಕು. ಹೀಗಾಗಿ ಗಾರೆಯ ಗೋಡೆ ವಯಸ್ಸಾದಂತೆ ಗಟ್ಟಿಯಾಗುತ್ತದೆಯೇ ಹೊರತು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಸಾಯುವುದಿಲ್ಲ.

ಹಾಗಾದರೆ ಅದು ಸಾಯುವುದು ಯಾವುದರಿಂದ? ನೀರಿನಿಂದ.

ಅಂದಿನ ಸೂರಿಗೆ ಮದ್ರಾಸ್ ತಾರಸಿ ಎಂದು ಹೆಸರು. ಗೋಡೆಯಿಂದ ಗೋಡೆಗೆ ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆಗಳು, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿ ಬಡಿದ ಗಾರೆ, ಎಲ್ಲಕ್ಕೂ ಮೇಲೆ ಚಪ್ಪಟೆ ಬಿಲ್ಲೆಗಳು. ಮಳೆನೀರು ನಿಲ್ಲದೆ ಹರಿದುಹೋಗುವವರೆಗೆ ಇದು ಭದ್ರ. ನೀರಿನ ಕೊಳವೆ ಕಸದಿಂದ ಕಟ್ಟಿಕೊಂಡರೆ ತಾರಸಿಯ ಮೇಲೆ ನೀರು ನಿಲ್ಲುತ್ತದೆ. ಎಲ್ಲೋ ಒಂದು ಬಿರುಕಿನಿಂದ ಜಿನುಗಿ, ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಮುಟ್ಟುತ್ತದೆ. ಮರದಲ್ಲಿ ತೇವಾಂಶ ಶೇಕಡ 20 ದಾಟಿ ಹಾಗೇ ನಿಂತರೆ ಶಿಲೀಂಧ್ರಕ್ಕೆ ಹಬ್ಬ. ಹೊರಗೆ ಕಾಣುವ ತೊಲೆ ಗಟ್ಟಿಯಾಗೇ ಇರುತ್ತದೆ, ಗೋಡೆಯೊಳಗಿನ ತುದಿ ಮಾತ್ರ ಪುಡಿಯಾಗಿರುತ್ತದೆ. ಇತ್ತ ಕಾಗೆ, ಪಾರಿವಾಳಗಳು ತಂದ ಬೀಜದಿಂದ ಅರಳಿ ಗಿಡ ಚಿಗುರಿ, ಬೇರು ಬಿರುಕನ್ನು ಹಿಗ್ಗಿಸುತ್ತದೆ.

ದುರಸ್ತಿಯ ಹೆಸರಿನಲ್ಲಿ ಮಾಡುವ ಕೆಲಸವೂ ಕೆಲವೊಮ್ಮೆ ಮುಳುವಾಗುತ್ತದೆ. ಗಾರೆಗೆ ಸಣ್ಣ ಸಣ್ಣ ರಂಧ್ರಗಳಿವೆ. ಒಳಗಿನ ತೇವ ಅವುಗಳ ಮೂಲಕ ಆವಿಯಾಗಿ ಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಆ ದಾರಿ ಮುಚ್ಚಿದಂತೆ. ಬಿರುಕಿನಿಂದ ಒಳಗೆ ಬಂದ ನೀರಿಗೆ ಹೊರಗೆ ಹೋಗಲು ಹಾದಿಯಿಲ್ಲ. ಇಟ್ಟಿಗೆ ಒದ್ದೆಯಾಗೇ ಇದ್ದು, ಅದರಲ್ಲಿನ ಲವಣಗಳು ಹರಳುಗಟ್ಟಿ ಪದರ ಪದರವಾಗಿ ಉದುರುತ್ತದೆ. ಹೊರಗಿನಿಂದ ನೋಡಿದವರಿಗೆ ಗೋಡೆ ಹೊಸದಾಗಿ ಕಾಣುತ್ತಿರುತ್ತದೆ!

ಎರಡು ಆಗಸ್ಟ್ ತಿಂಗಳು

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಮೈಸೂರಿನಲ್ಲಿ ಓದಿದ ಎಷ್ಟೋ ಮಂದಿಗೆ ಆ ಕಟ್ಟಡ ಎಂದರೆ ಹಳೆಯ ಪುಸ್ತಕದ ಅಂಗಡಿಗಳ ನೆನಪು. ಹೊಸ ಪುಸ್ತಕ ಕೊಳ್ಳಲಾಗದ ಮನೆಯ ಮಕ್ಕಳಿಗೆ ಆಸರೆಯಾಗಿದ್ದ ಸಾಲು ಅದು. ದುರಂತದ ನಂತರ ಮಳಿಗೆಗಳನ್ನು ತೆರವು ಮಾಡಿಸಲಾಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2016ರ ಆಗಸ್ಟ್ 28ರ ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ದುರಸ್ತಿ ಕಾರ್ಯ ನಡೆದಿದ್ದ ಹೊತ್ತಿನಲ್ಲೇ ಹೀಗಾಯಿತು. ಪುಣ್ಯಕ್ಕೆ ಪ್ರಾಣಹಾನಿ ಆಗಲಿಲ್ಲ.

ಅಲ್ಲಿಂದ ಶುರುವಾಯಿತು ವಾದ. ಕಟ್ಟಡಗಳು ದುರ್ಬಲವಾಗಿವೆ, ಜನರ ಪ್ರಾಣ ಮುಖ್ಯ, ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟೋಣ ಎಂದಿತು ಒಂದು ಪಕ್ಷ. ಹಾಳಾದ ಭಾಗವನ್ನು ಸರಿಪಡಿಸಿ ಉಳಿದದ್ದನ್ನು ಭದ್ರಪಡಿಸಬಹುದು, ಕೆಡವಿದ ಮೇಲೆ ಬರುವುದು ಹಳೆಯದರ ಪ್ರತಿ ಮಾತ್ರ ಎಂದಿತು ಇನ್ನೊಂದು ಪಕ್ಷ. ವ್ಯಾಪಾರಿಗಳಿಗೆ ಬೇರೆಯದೇ ಚಿಂತೆ. ಕಟ್ಟುವವರೆಗೆ ಎಲ್ಲಿಗೆ ಹೋಗುವುದು, ಕಟ್ಟಿದ ಮೇಲೆ ಮಳಿಗೆ ಸಿಕ್ಕೀತೇ, ಬಾಡಿಗೆ ಎಷ್ಟಾದೀತು? ತಜ್ಞರ ವರದಿಗಳೂ ಎರಡೂ ಕಡೆಗೆ ಇದ್ದವು. ವಿಷಯ ಹೈಕೋರ್ಟಿಗೆ ಹೋಯಿತು. ಕೆಡವುವುದನ್ನು ಪ್ರಶ್ನಿಸಿದ ಅರ್ಜಿಗಳನ್ನು 2023ರಲ್ಲಿ ಹೈಕೋರ್ಟ್ ವಜಾ ಮಾಡಿತು.

ಎರಡೂ ಪಕ್ಷದ ಮಾತಿನಲ್ಲಿ ಸತ್ಯವಿದೆ. ನಾಲ್ವರ ಸಾವಿನ ಮುಂದೆ ಕಮಾನಿನ ಚೆಲುವನ್ನು ಹೊಗಳುವುದು ಯಾರಿಗೂ ಸಲ್ಲದು. ಆದರೆ ಅಷ್ಟೇ ನಿಜವಾದ ಇನ್ನೊಂದು ಮಾತಿದೆ. ಈ ವಾದವೆಲ್ಲ ನಡೆದದ್ದು ಸೂರು ಬಿದ್ದ ಮೇಲೆ. ತಾರಸಿಯ ಕೊಳವೆಯನ್ನು ಮಳೆಗಾಲಕ್ಕೆ ಮುಂಚೆ ತೆರವು ಮಾಡುವುದು, ಚಿಗುರಿದ ಗಿಡವನ್ನು ಬೇರುಸಹಿತ ಕೀಳುವುದು, ಬಿರುಕಿಗೆ ಗಾರೆಯನ್ನೇ ತುಂಬುವುದು, ತೊಲೆಯ ತುದಿಯನ್ನು ಆಗಾಗ ಪರೀಕ್ಷಿಸುವುದು, ಇವು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೆ ಹೊಸ ಕಟ್ಟಡಕ್ಕೆ ಉದ್ಘಾಟನೆ ಇರುತ್ತದೆ, ಕೊಳವೆ ತೆರವು ಮಾಡಿದವರಿಗೆ ಯಾರೂ ಹಾರ ಹಾಕುವುದಿಲ್ಲ!

ಬೇರೆ ಊರುಗಳ ಪಾಠ

ಮದರಾಸಿನ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೂ ಹಳೆಯ ಪುಸ್ತಕಗಳಿಗೆ ಹೆಸರಾಗಿತ್ತು. ಆ ಜಾಗದಲ್ಲಿ ರೈಲ್ವೆಯ ಕಟ್ಟಡ ಬಂತು. ಹೆಸರು ಉಳಿಯಿತು, ಮಾರುಕಟ್ಟೆ ಉಳಿಯಲಿಲ್ಲ. ಅದೇ ವರ್ಷ ಕಲ್ಕತ್ತೆಯ ಹಾಗ್ ಮಾರ್ಕೆಟಿಗೂ ಬೆಂಕಿ ಬಿತ್ತು. ಅಲ್ಲಿ ಸುಟ್ಟ ಭಾಗವನ್ನು ಹೊಸದಾಗಿ ಕಟ್ಟಿ, ಉಳಿದ ಹಳೆಯ ಭಾಗವನ್ನು ಉಳಿಸಿಕೊಂಡರು. ವ್ಯಾಪಾರ ಮುಂದುವರಿಯಿತು. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟಿನಲ್ಲಿ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅನೇಕ ಅಂಗಡಿಗಳು ಸುಟ್ಟವು. ಅಲ್ಲಿನ ವ್ಯಾಪಾರಿಗಳೇ ಕೈಹಾಕಿ ಅಂಗಡಿಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಈ ಮೂರು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಗೋಡೆ ಮಾತ್ರ ಉಳಿದು ವ್ಯಾಪಾರ ಹೋದರೆ ಅದು ಚಿತ್ರಪಟ. ವ್ಯಾಪಾರ ಮಾತ್ರ ಉಳಿದು ಗೋಡೆ ಹೋದರೆ ಊರಿನ ನೆನಪಿಗೆ ಕುತ್ತು. ಪೇಟೆಯ ಪರಂಪರೆ ಎಂದರೆ ಇವೆರಡೂ ಸೇರಿದ್ದು. ತಲೆಮಾರುಗಳಿಂದ ಒಂದೇ ಮಳಿಗೆಯಲ್ಲಿ ಎಲೆ ಮಾರುವವರ ಕೈಚಳಕವೂ, ಅವರ ತಲೆಯ ಮೇಲಿನ ಕಮಾನೂ ಒಂದಕ್ಕೊಂದು ಆಸರೆ.

ನಮ್ಮೂರ ಬೀದಿಗೂ ಸಲ್ಲುವ ಮಾತು

ದೇವಾಲಯಕ್ಕೆ ಕಾವಲುಗಾರರಿದ್ದಾರೆ, ಭಕ್ತಿಯ ಕಣ್ಣುಗಳಿವೆ. ಬಳೆಮಂಟಪದ ಒಂದು ಬಳೆ ಮುರಿದರೆ ಊರೇ ಮಾತಾಡುತ್ತದೆ. ಅಂಗಡಿ ಬೀದಿಯ ಹಳೆಯ ಕಟ್ಟಡಕ್ಕೆ ಅಂಥ ಅದೃಷ್ಟವಿಲ್ಲ. ಅದು ದಿನಾ ಕಣ್ಣಿಗೆ ಬೀಳುತ್ತದೆ, ಆದ್ದರಿಂದಲೇ ಯಾರೂ ಅದನ್ನು ನೋಡುವುದಿಲ್ಲ. ಮೈಸೂರಿನ ಪೇಟೆಯ ಕಥೆ ಯಳಂದೂರು, ಕೊಳ್ಳೇಗಾಲ, ಹನೂರಿನ ಓದುಗರಿಗೆ ಸಲ್ಲುವುದು ಈ ಕಾರಣಕ್ಕೆ. ನಾಡಹೆಂಚಿನ ಸೂರು, ಮರದ ಕಂಬ, ಮುಂದೆ ಜಗಲಿ, ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಮುಚ್ಚುವ ಬಾಗಿಲು ಇರುವ ಅಂಗಡಿಮನೆ ಯಾವ ಊರಿನಲ್ಲಿದ್ದರೂ ಅದು ಆ ಊರಿನ ಲೆಕ್ಕದ ಪುಸ್ತಕದ ಒಂದು ಪುಟ.

ಶಾಲೆಯ ಮಕ್ಕಳು ಇದರಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ನಾಲ್ಕೈದು ಮಂದಿ ಸೇರಿ, ಮಾಲೀಕರ ಒಪ್ಪಿಗೆ ಪಡೆದು, ಒಂದು ಹಳೆಯ ಅಂಗಡಿಯ ಉದ್ದ ಅಗಲ ಅಳೆದು ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆಯಬಹುದು. ಮಧ್ಯಾಹ್ನ ಎರಡು ಗಂಟೆಗೆ ಜಗಲಿಯ ನೆರಳಿನಲ್ಲಿ, ಹೆಂಚಿನ ಸೂರಿನ ಒಳಗೆ, ಪಕ್ಕದ ಕಾಂಕ್ರೀಟ್ ಕಟ್ಟಡದ ಒಳಗೆ ಉಷ್ಣತಾಮಾಪಕ ಇಟ್ಟು ವ್ಯತ್ಯಾಸ ಬರೆದುಕೊಳ್ಳಬಹುದು. ಬಿರುಕಿನ ಎರಡು ದಡಗಳಿಗೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದರೆ, ಕೆಲವು ತಿಂಗಳ ನಂತರ ಪಟ್ಟಿ ಹರಿದಿದೆಯೋ ಇಲ್ಲವೋ ನೋಡಿ ಬಿರುಕು ಬೆಳೆಯುತ್ತಿದೆಯೇ ಎಂದು ಹೇಳಬಹುದು. ಆದರೆ ಶಿಥಿಲವಾದ ಕಟ್ಟಡದ ಒಳಗೆ ಹೋಗುವುದು, ಹಳೆಯ ತಾರಸಿ ಹತ್ತುವುದು ಬೇಡವೇ ಬೇಡ. ಹೊರಗೆ ನಿಂತು ನೋಡಿದರೆ ಸಾಕು.

ತಂದೆತಾಯಿಗಳಿಗೂ ಒಂದು ಪಾಲಿದೆ. ಯಾವ ಅಂಗಡಿಯಲ್ಲಿ ಮೊದಲ ಸ್ಲೇಟು ಕೊಂಡದ್ದು, ಮದುವೆಯ ಜವಳಿ ಎಲ್ಲಿಂದ ಬಂದದ್ದು, ಸಂತೆಯ ದಿನ ಗಾಡಿಗಳು ಎಲ್ಲಿ ನಿಲ್ಲುತ್ತಿದ್ದವು ಎಂಬುದು ಮನೆಯ ಅಜ್ಜ ಅಜ್ಜಿಯರಿಗೆ ಗೊತ್ತು. ಮಕ್ಕಳು ಕೇಳಿ ಬರೆದುಕೊಂಡರೆ ಅದೇ ಊರಿನ ಪೇಟೆಯ ಚರಿತ್ರೆ.

ದುಡ್ಡು ಬೇಡದ ಇನ್ನೊಂದು ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಮುಂದಿನ ಜೋರು ಮಳೆಯ ದಿನ ಊರಿನ ಹಳೆಯ ಕಟ್ಟಡವೊಂದರ ಎದುರು ದೂರದಲ್ಲಿ, ಕೊಡೆ ಹಿಡಿದು ಐದು ನಿಮಿಷ ನಿಂತು, ಸೂರಿನ ಮೇಲೆ ಬಿದ್ದ ನೀರು ಎಲ್ಲಿ ಹೋಗುತ್ತಿದೆ ಎಂದು ನೋಡಬೇಕು. ಕೊಳವೆಯಿಂದ ನೇರವಾಗಿ ಚರಂಡಿಗೆ ಬಿದ್ದರೆ ಆ ಕಟ್ಟಡಕ್ಕೆ ಇನ್ನೂ ಆಯುಸ್ಸಿದೆ. ಗೋಡೆಯ ಮೈಮೇಲೆ ಇಳಿಯುತ್ತಿದ್ದರೆ ಅದರ ಮಾಲೀಕರಿಗೋ ಪಂಚಾಯ್ತಿಗೋ ಅಂದೇ ಒಂದು ಮಾತು ಹೇಳಬೇಕು. ಮಾರನೆಯ ಮಳೆಗಾಲದವರೆಗೆ ಕಾಯುವುದು ಬೇಡ.